ಹದಿನೆಂಟು ತುಂಬಿದ ಮಗ, ಗಡಿಯಾಚೆಯ ಜಮೀನು: ಪಾಲಕತ್ವದ ಅರ್ಜಿಯನ್ನು ಯಾವ ರಾಜ್ಯದಲ್ಲಿ ಸಲ್ಲಿಸಬೇಕು?

ಕೆಲವು ವರ್ಷಗಳ ಹಿಂದೆ ಮಂಜೇಶ್ವರ ತಾಲೂಕಿನ ಗಡಿ ಗ್ರಾಮವೊಂದರ ತಾಯಿಯೊಬ್ಬರು ನಮ್ಮ ಶಾಲೆಗೆ ಬಂದಿದ್ದರು. ಅವರ ಮಗ ನಮ್ಮ ಕನ್ನಡ ಮಾಧ್ಯಮ ತರಗತಿಯಲ್ಲಿ ಕೆಲವು ವರ್ಷ ಕುಳಿತು, ಬಳಿಕ ಪಂಚಾಯತಿನ ಬಡ್ಸ್ ಶಾಲೆಗೆ ಸೇರಿದವನು. ಹುಟ್ಟಿನಿಂದಲೇ ಬೌದ್ಧಿಕ ಅಂಗವೈಕಲ್ಯವಿದ್ದ ಆತನಿಗೆ ಆಗ ಹತ್ತೊಂಬತ್ತು ತುಂಬಿತ್ತು. ತಂದೆ ತೀರಿಕೊಂಡಿದ್ದರು. ಬಂಟ್ವಾಳ ತಾಲೂಕಿನಲ್ಲಿದ್ದ ಅಜ್ಜ ತಮ್ಮ ತೋಟದ ಒಂದು ಪಾಲನ್ನೂ ಬ್ಯಾಂಕಿನಲ್ಲಿದ್ದ ಒಂದಿಷ್ಟು ಠೇವಣಿಯನ್ನೂ ಮೊಮ್ಮಗನ ಹೆಸರಿಗೆ ಬರೆದಿಟ್ಟು ಹೋಗಿದ್ದರು. ಆ ಹಣವನ್ನು ಮಗನ ಚಿಕಿತ್ಸೆಗೆ ಬಳಸಲು ತಾಯಿ ಬ್ಯಾಂಕಿಗೆ ಹೋದಾಗ, "ಹುಡುಗ ಪ್ರಾಯಕ್ಕೆ ಬಂದಿದ್ದಾನೆ, ನಿಮ್ಮ ಸಹಿ ನಡೆಯುವುದಿಲ್ಲ, ಕರ್ನಾಟಕದ ಕೋರ್ಟಿನ ಆದೇಶ ತನ್ನಿ" ಎಂಬ ಉತ್ತರ ಸಿಕ್ಕಿತು. ಇತ್ತ ಕಚೇರಿಯೊಂದರಲ್ಲಿ ವಿಚಾರಿಸಿದರೆ, "ಆಸ್ತಿ ಅಲ್ಲಿರುವಾಗ ಇಲ್ಲೇಕೆ ಬಂದಿರಿ?" ಎಂದು ಮರಳಿ ಕಳುಹಿಸಿದರು. ನಾಲ್ಕು ತಿಂಗಳು ಗಡಿಯ ಈಚೆಗೂ ಆಚೆಗೂ ಬಸ್ಸಿನಲ್ಲಿ ಓಡಾಡಿ ದಣಿದಿದ್ದ ಅವರು ನಮ್ಮ ಮುಂದಿಟ್ಟ ಪ್ರಶ್ನೆ ಇಷ್ಟೇ: "ಮಾಷ್ಟ್ರೇ, ನಾನವನ ಅಮ್ಮ ಅಲ್ವಾ? ಇನ್ನು ಎಂತ ಕಾಗದ ಬೇಕು?"

ಆ ಪ್ರಶ್ನೆಗೆ ಅಂದು ನಮ್ಮಲ್ಲಿಯೂ ಉತ್ತರವಿರಲಿಲ್ಲ. ಕಾನೂನು ಬಲ್ಲವರನ್ನು ಕೇಳಿ, ಕಾಯಿದೆಗಳನ್ನು ಓದಿ ನಾವು ಅರಿತುಕೊಂಡುದನ್ನು ಇಲ್ಲಿ ಸರಳವಾಗಿ ವಿವರಿಸುತ್ತಿದ್ದೇವೆ. ಏಕೆಂದರೆ ಇದು ಒಂದು ಮನೆಯ ಸಂಕಟವಲ್ಲ. ಎಂಡೋಸಲ್ಫಾನ್ ಸಿಂಪಡಣೆಯ ದುರಂತವನ್ನು ಉಂಡ ನಮ್ಮ ಜಿಲ್ಲೆಯ ಗ್ರಾಮಗಳಲ್ಲಿ ಅಂದು ಮಕ್ಕಳಾಗಿದ್ದವರು ಇಂದು ಪ್ರಾಯದವರಾಗಿದ್ದಾರೆ. ಅವರ ತಂದೆತಾಯಂದಿರು ಮುಪ್ಪಿನತ್ತ ಸಾಗುತ್ತಿದ್ದಾರೆ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳ ಸರಕಾರಕ್ಕೆ ಆದೇಶಿಸಿತು. ಅಂಥ ಹಣ ಒಬ್ಬ ಅಸಹಾಯಕ ವ್ಯಕ್ತಿಯ ಖಾತೆಗೆ ಬಂದಾಗ ಅದನ್ನು ಅವನ ಹಿತಕ್ಕಾಗಿ ಯಾರು ನಿರ್ವಹಿಸಬೇಕು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ನಮ್ಮ ಬದುಕಾದರೋ ಎರಡು ರಾಜ್ಯಗಳಲ್ಲಿ ಹರಡಿಕೊಂಡಿದೆ: ಮನೆ ಇಲ್ಲಿ, ಆಸ್ಪತ್ರೆ ಮಂಗಳೂರಿನಲ್ಲಿ, ತವರು ಪುತ್ತೂರಿನಲ್ಲಿ, ತೋಟ ಸುಳ್ಯದಲ್ಲಿ. ಅಕ್ಕಲಕೋಟೆಯ ಮನೆಗೆ ಕಲಬುರಗಿಯಲ್ಲಿ, ತಾಳವಾಡಿಯ ಮನೆಗೆ ಚಾಮರಾಜನಗರದಲ್ಲಿ, ಆದೋನಿಯ ಮನೆಗೆ ಬಳ್ಳಾರಿಯಲ್ಲಿ ಇಂಥದೇ ನಂಟು ಇರುತ್ತದೆ.

ಹದಿನೆಂಟು ತುಂಬಿದ ದಿನ ಏನಾಗುತ್ತದೆ?

ಮಗುವಿಗೆ ಹದಿನೆಂಟು ತುಂಬುವವರೆಗೆ ತಂದೆತಾಯಿಯೇ ಸಹಜ ಪಾಲಕರು. 1890ರ ಪಾಲಕರ ಮತ್ತು ಪಾಲ್ಯರ ಕಾಯಿದೆಯೂ ಅಪ್ರಾಪ್ತ ವಯಸ್ಕರಿಗೆ ಮಾತ್ರ ಸಂಬಂಧಿಸಿದ್ದು. ಹದಿನೆಂಟು ತುಂಬಿದೊಡನೆ, ಮಗುವಿನ ಬೌದ್ಧಿಕ ಸ್ಥಿತಿ ಏನೇ ಇರಲಿ, ಕಾನೂನಿನ ಕಣ್ಣಿನಲ್ಲಿ ಆತ ಸ್ವತಂತ್ರ ವ್ಯಕ್ತಿ. ಅಂದಿನಿಂದ ತಾಯಿಯ ಸಹಿಗೆ ತಾನಾಗಿಯೇ ಬೆಲೆಯಿರುವುದಿಲ್ಲ. ಇದು ತಾಯಿಗೆ ಮಾಡುವ ಅವಮಾನವಲ್ಲ. ಪ್ರಾಯದ ವ್ಯಕ್ತಿಯೊಬ್ಬನ ಆಸ್ತಿಯನ್ನು ಬಂಧುಗಳೇ ಕಬಳಿಸದಂತೆ ಇಟ್ಟ ಬೇಲಿ.

ಮುಪ್ಪಿನವರ ವಿಷಯದಲ್ಲಿಯೂ ಹೀಗೆಯೇ. ಪಾರ್ಶ್ವವಾಯು ಬಡಿದೋ ಅಪಘಾತವಾಗಿಯೋ ಮನೆಯ ಯಜಮಾನ ಪ್ರಜ್ಞೆ ಕಳೆದುಕೊಂಡರೆ, ಹೆಂಡತಿ ಅಥವಾ ಮಗ ತಾವಾಗಿಯೇ ಅವರ ಪರವಾಗಿ ಸಹಿ ಹಾಕಲಾರರು. "ಮೊದಲೇ ಮುಕ್ತಿಯಾರುನಾಮೆ ಬರೆಸಿಕೊಂಡಿದ್ದೇವೆ" ಎಂದು ಕೆಲವರು ನಿಶ್ಚಿಂತರಾಗಿರುತ್ತಾರೆ. ಆದರೆ 1872ರ ಕರಾರು ಕಾಯಿದೆಯ 201ನೆಯ ಕಲಮಿನ ಪ್ರಕಾರ, ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಅಂಥ ಅಧಿಕಾರ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ಯಾವಾಗ ಅದು ಅತ್ಯಗತ್ಯವೋ ಆಗಲೇ ಅದು ಕೈಕೊಡುತ್ತದೆ.

ಮೂರು ಬಾಗಿಲುಗಳು

ಪ್ರಾಯದವರಿಗೆ ಪಾಲಕರನ್ನು ನೇಮಿಸಲು ನಮ್ಮ ದೇಶದಲ್ಲಿ ಒಂದೇ ಕಾಯಿದೆ ಇಲ್ಲ. ವ್ಯಕ್ತಿಯ ಸ್ಥಿತಿಯನ್ನು ನೋಡಿ ಬಾಗಿಲನ್ನು ಆರಿಸಬೇಕು.

ಮೊದಲನೆಯದು 1999ರ ರಾಷ್ಟ್ರೀಯ ನ್ಯಾಸ ಕಾಯಿದೆ, ಅಂದರೆ ನ್ಯಾಷನಲ್ ಟ್ರಸ್ಟ್ ಆಕ್ಟ್. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ ಹಾಗೂ ಬಹುವಿಧ ಅಂಗವೈಕಲ್ಯ ಇರುವವರಿಗೆ ಇದು ಅನ್ವಯಿಸುತ್ತದೆ. ಇದರಡಿ ಕೋರ್ಟಿಗೆ ಹೋಗಬೇಕಾಗಿಲ್ಲ. ಜಿಲ್ಲಾಧಿಕಾರಿಯ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ, ನೋಂದಾಯಿತ ಸಂಸ್ಥೆಯೊಂದರ ಪ್ರತಿನಿಧಿ ಮತ್ತು ಅಂಗವಿಕಲ ವ್ಯಕ್ತಿಯೊಬ್ಬರು ಇರುವ ಸ್ಥಳೀಯ ಮಟ್ಟದ ಸಮಿತಿಯೇ ಪಾಲಕರನ್ನು ನೇಮಿಸುತ್ತದೆ. ತಂದೆತಾಯಿ ಅಥವಾ ಬಂಧುಗಳು ಅರ್ಜಿ ಸಲ್ಲಿಸಬಹುದು. ಪಾಲಕರು ನಿಜಕ್ಕೂ ಬೇಕೇ, ಯಾವ ಉದ್ದೇಶಕ್ಕೆ ಬೇಕು ಎಂಬುದನ್ನು ಸಮಿತಿ ಪರಿಶೀಲಿಸುತ್ತದೆ.

ಎರಡನೆಯದು 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 14ನೆಯ ಕಲಂ. ಜಿಲ್ಲಾ ನ್ಯಾಯಾಲಯ ಅಥವಾ ರಾಜ್ಯ ಸರಕಾರ ಅಧಿಸೂಚಿಸಿದ ಪ್ರಾಧಿಕಾರವು "ಸೀಮಿತ ಪಾಲಕ"ರನ್ನು ಒದಗಿಸಬಹುದು. ಇಲ್ಲಿ ಸೀಮಿತ ಎಂಬ ಪದ ಮುಖ್ಯ. ನಿರ್ದಿಷ್ಟ ಅವಧಿಗೆ, ನಿರ್ದಿಷ್ಟ ನಿರ್ಧಾರಕ್ಕೆ, ಆ ವ್ಯಕ್ತಿಯ ಇಚ್ಛೆಯನ್ನು ಕೇಳಿಕೊಂಡೇ ಪಾಲಕರು ನಡೆಯಬೇಕು. ಬೇರೆ ಕಾಯಿದೆಗಳಡಿ ನೇಮಕಗೊಂಡ ಪಾಲಕರೂ ಸೀಮಿತ ಪಾಲಕರಂತೆಯೇ ವರ್ತಿಸಬೇಕೆಂದು ಈ ಕಾಯಿದೆ ಹೇಳುತ್ತದೆ. ಕಾಯಿದೆ ಕೇಂದ್ರದ್ದಾದರೂ, ಯಾವ ಪ್ರಾಧಿಕಾರ, ಯಾವ ವಿಧಾನ ಎಂಬುದನ್ನು ಆಯಾ ರಾಜ್ಯವೇ ನಿಗದಿಪಡಿಸುತ್ತದೆ. ಹಾಗಾಗಿ ತಲಪಾಡಿಯ ಆಚೆಗಿನ ವಿಧಾನವೇ ಈಚೆಗೂ ಇರುತ್ತದೆಂದು ಭಾವಿಸಕೂಡದು.

ಮೂರನೆಯದು ಹೈಕೋರ್ಟು. ಕೋಮಾ ಸ್ಥಿತಿಗೆ ಜಾರಿದವರಿಗೆ ಪಾಲಕರನ್ನು ನೇಮಿಸುವ ವಿಧಾನವನ್ನು ಹೇಳುವ ಪ್ರತ್ಯೇಕ ಕಾಯಿದೆ ಇಲ್ಲ. ಈ ಕೊರತೆಯನ್ನು ಹೈಕೋರ್ಟುಗಳು ಸಂವಿಧಾನದ 226ನೆಯ ಅನುಚ್ಛೇದದ ರಿಟ್ ಅಧಿಕಾರದಿಂದ ತುಂಬಿವೆ. ಅಸಹಾಯಕರಿಗೆ ಪ್ರಭುತ್ವವೇ ತಂದೆತಾಯಿಯ ಸ್ಥಾನದಲ್ಲಿ ನಿಲ್ಲಬೇಕೆಂಬ ತತ್ತ್ವ ಇದಕ್ಕೆ ಆಧಾರ. ಕೇರಳ ಹೈಕೋರ್ಟು 2019ರ ಫೆಬ್ರವರಿಯಲ್ಲಿ ಇದಕ್ಕಾಗಿ ಮಾರ್ಗಸೂಚಿಯನ್ನೇ ನೀಡಿತು. ಅದರಂತೆ ರೋಗಿಯ ಆಸ್ತಿಯ ವಿವರವನ್ನು ಅರ್ಜಿಯಲ್ಲಿ ಹೇಳಬೇಕು. ನರರೋಗ ತಜ್ಞರೂ ಇರುವ ವೈದ್ಯಕೀಯ ಮಂಡಳಿ ರೋಗಿಯನ್ನು ಪರೀಕ್ಷಿಸಬೇಕು. ಕಂದಾಯ ಇಲಾಖೆಯಿಂದ ತನಿಖೆ ನಡೆಯಬೇಕು. ಉತ್ತರಾಧಿಕಾರಿಗಳೆಲ್ಲರನ್ನೂ ಅರ್ಜಿಯಲ್ಲಿ ಸೇರಿಸಿಕೊಳ್ಳಬೇಕು. ಮದ್ರಾಸ್ ಹೈಕೋರ್ಟಿನ ವಿಭಾಗೀಯ ಪೀಠವು 2024ರ ಮೇ ತಿಂಗಳಲ್ಲಿ, ಕೋಮಾದಲ್ಲಿದ್ದ ಪತಿಗೆ ಪತ್ನಿಯನ್ನು ಪಾಲಕರನ್ನಾಗಿ ನೇಮಿಸಿ ಆಸ್ತಿ ಮಾರಲು ಅನುಮತಿ ನೀಡಿತು. ಜೊತೆಗೆ 50 ಲಕ್ಷ ರೂಪಾಯಿಯನ್ನು ಪತಿಯ ಹೆಸರಿನಲ್ಲಿ ಠೇವಣಿ ಇಡಬೇಕೆಂಬ ಷರತ್ತನ್ನೂ ವಿಧಿಸಿತು. ತಾಳವಾಡಿ, ಹೊಸೂರು, ನೀಲಗಿರಿಯ ಬಂಧುಗಳು ಇದನ್ನು ನೆನಪಿಡಬೇಕು.

ಇನ್ನೊಂದು ಎಚ್ಚರಿಕೆ ಅಗತ್ಯ. 1987ರ ಮಾನಸಿಕ ಆರೋಗ್ಯ ಕಾಯಿದೆಯಡಿ ಜಿಲ್ಲಾ ಕೋರ್ಟು ಮಾನಸಿಕ ಅಸ್ವಸ್ಥರ ಆಸ್ತಿಗೆ ವ್ಯವಸ್ಥಾಪಕರನ್ನು ನೇಮಿಸುತ್ತಿತ್ತು. 2018ರಲ್ಲಿ ಜಾರಿಗೆ ಬಂದ ಹೊಸ ಮಾನಸಿಕ ಆರೋಗ್ಯಪಾಲನಾ ಕಾಯಿದೆಯಲ್ಲಿ ಆ ದಾರಿಯಿಲ್ಲ. ಹೊಸ ಕಾಯಿದೆಯ "ನಾಮನಿರ್ದೇಶಿತ ಪ್ರತಿನಿಧಿ" ಚಿಕಿತ್ಸೆಯ ವಿಷಯದಲ್ಲಿ ನೆರವಾಗಬಲ್ಲರೇ ಹೊರತು ಆಸ್ತಿಯ ವಿಷಯದಲ್ಲಲ್ಲ. ಹಳೆಯ ಕಾಯಿದೆಯ ಹೆಸರು ಹೇಳಿ ಅರ್ಜಿ ಬರೆಸುವವರು ಈಗಲೂ ಇದ್ದಾರೆ. ಅದಕ್ಕೆ ಹಣ ಕೊಟ್ಟು ಕಾಲ ಕಳೆಯಬಾರದು.

ವ್ಯಕ್ತಿ ಇರುವಲ್ಲಿ, ಆಸ್ತಿ ಇರುವಲ್ಲಲ್ಲ

ಈಗ ತಾಯಿಯ ಪ್ರಶ್ನೆಯ ತಿರುಳಿಗೆ ಬರೋಣ. ಯಾವ ಜಿಲ್ಲೆ, ಯಾವ ರಾಜ್ಯ?

ಆಸ್ತಿಯ ವ್ಯಾಜ್ಯವಾದರೆ ಅದು ಆಸ್ತಿ ಇರುವ ಊರಿನ ಕೋರ್ಟಿಗೆ ಹೋಗಬೇಕೆಂಬುದು ನಮಗೆಲ್ಲ ತಿಳಿದ ನಿಯಮ. ಬ್ಯಾಂಕಿನವರ ಮತ್ತು ಕಚೇರಿಯವರ ಗೊಂದಲಕ್ಕೆ ಈ ತಿಳಿವಳಿಕೆಯೇ ಕಾರಣ. ಆದರೆ ಪಾಲಕತ್ವ ಆಸ್ತಿಯ ವ್ಯಾಜ್ಯವಲ್ಲ. "ಈ ವ್ಯಕ್ತಿಗೆ ನೆರವು ಬೇಕೇ? ಯಾರಿಂದ ಬೇಕು?" ಎಂಬುದೇ ಅಲ್ಲಿಯ ಪ್ರಶ್ನೆ. ಅದಕ್ಕೆ ಉತ್ತರ ಕೊಡಬಲ್ಲವರು ಆ ವ್ಯಕ್ತಿಯನ್ನು ನೋಡಬಲ್ಲವರು, ನೆರೆಹೊರೆಯವರನ್ನು ವಿಚಾರಿಸಬಲ್ಲವರು, ನಾಳೆ ಪಾಲಕರು ತಪ್ಪಿದರೆ ಕರೆದು ಕೇಳಬಲ್ಲವರು. ಆದ್ದರಿಂದ ವ್ಯಕ್ತಿ ಸಾಮಾನ್ಯವಾಗಿ ವಾಸಿಸುವ ಸ್ಥಳವೇ ಮುಖ್ಯ. ಅಪ್ರಾಪ್ತರ ಬಗೆಗಿನ 1890ರ ಕಾಯಿದೆಯ 9ನೆಯ ಕಲಮಿನಲ್ಲಿಯೂ "ಸಾಮಾನ್ಯ ವಾಸಸ್ಥಳ"ವೇ ಅಳತೆಗೋಲು. ಅಪ್ರಾಪ್ತರ ಆಸ್ತಿಯ ಮಟ್ಟಿಗೆ ಮಾತ್ರ ಆಸ್ತಿ ಇರುವ ಜಿಲ್ಲೆಗೂ ಹೋಗಬಹುದೆಂದು ಅದು ಹೇಳುತ್ತದೆ. ಸ್ಥಳೀಯ ಮಟ್ಟದ ಸಮಿತಿಗೂ ಅದರದೇ ಪ್ರದೇಶವನ್ನು ಗೊತ್ತುಪಡಿಸಿರುತ್ತಾರೆ. ಮಂಜೇಶ್ವರದಲ್ಲಿ ವಾಸಿಸುವ ಯುವಕನಿಗೆ ಕಾಸರಗೋಡು ಜಿಲ್ಲೆಯ ಸಮಿತಿಯೇ ಸರಿಯಾದ ಬಾಗಿಲು, ತೋಟ ಬಂಟ್ವಾಳದಲ್ಲಿದ್ದರೂ.

ಆಸ್ಪತ್ರೆಯಲ್ಲಿ ಮಲಗಿರುವುದು ವಾಸವಾಗುವುದಿಲ್ಲ. ಮಂಗಳೂರಿನ ಆಸ್ಪತ್ರೆಯಲ್ಲಿ ಎರಡು ತಿಂಗಳಿದ್ದ ಮಾತ್ರಕ್ಕೆ ಕುಂಬಳೆಯವರು ಮಂಗಳೂರಿನವರಾಗುವುದಿಲ್ಲ. ರೇಶನ್ ಕಾರ್ಡು, ಮತದಾರರ ಗುರುತುಚೀಟಿ, ಅಂಗವೈಕಲ್ಯದ ಯು.ಡಿ.ಐ.ಡಿ. ಕಾರ್ಡು, ಬಡ್ಸ್ ಶಾಲೆಯ ದಾಖಲೆ ಇವೆಲ್ಲ ವಾಸಸ್ಥಳಕ್ಕೆ ಸಾಕ್ಷಿ.

ಹೈಕೋರ್ಟಿನ ವಿಷಯದಲ್ಲಿ ಮಾತ್ರ ಗೆರೆ ಸ್ವಲ್ಪ ಮಸುಕು. 226ನೆಯ ಅನುಚ್ಛೇದದ ಎರಡನೆಯ ಖಂಡದಂತೆ, ದಾವೆಯ ಕಾರಣ ಭಾಗಶಃ ಒಂದು ರಾಜ್ಯದಲ್ಲಿ ಹುಟ್ಟಿದ್ದರೂ ಆ ರಾಜ್ಯದ ಹೈಕೋರ್ಟು ವಿಚಾರಿಸಬಹುದು. ಆದ್ದರಿಂದ ಕಾಸರಗೋಡಿನ ರೋಗಿ ಮಂಗಳೂರಿನ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದರೆ ಎರಡೂ ಹೈಕೋರ್ಟುಗಳ ಮುಂದೆ ವಾದಿಸಲು ಅವಕಾಶವಿರಬಹುದು. ಆದರೂ ತಹಶೀಲ್ದಾರರ ತನಿಖೆ, ಬಂಧುಗಳ ವಿಚಾರಣೆ, ಮುಂದಿನ ಮೇಲ್ವಿಚಾರಣೆ ಎಲ್ಲವೂ ಮನೆ ಇರುವಲ್ಲೇ ಸುಲಭ. ಮನೆಯಿರುವ ರಾಜ್ಯದ ಹೈಕೋರ್ಟನ್ನು ಆರಿಸುವುದೇ ವಿವೇಕ. ನಮಗದು ಎರ್ನಾಕುಳಂ. ಸೊಲ್ಲಾಪುರ, ಸಾಂಗ್ಲಿ ಜಿಲ್ಲೆಗಳ ಕನ್ನಡಿಗರಿಗೆ 2025ರ ಆಗಸ್ಟಿನಲ್ಲಿ ಕೊಲ್ಹಾಪುರದಲ್ಲಿ ಬಾಂಬೆ ಹೈಕೋರ್ಟಿನ ಪೀಠ ಆರಂಭವಾದುದರಿಂದ ಮುಂಬಯಿಯವರೆಗೆ ಹೋಗುವ ಕಷ್ಟ ತಪ್ಪಿದೆ.

ಆದೇಶಕ್ಕೆ ಗಡಿಯಿಲ್ಲ

ಕೇರಳದ ಆದೇಶ ಕರ್ನಾಟಕದಲ್ಲಿ ನಡೆಯುತ್ತದೆಯೇ? ನಡೆಯಬೇಕು. ಸಂವಿಧಾನದ 261ನೆಯ ಅನುಚ್ಛೇದವು ಕೇಂದ್ರದ ಮತ್ತು ಪ್ರತಿ ರಾಜ್ಯದ ಸಾರ್ವಜನಿಕ ಕಾರ್ಯಗಳಿಗೆ, ದಾಖಲೆಗಳಿಗೆ, ನ್ಯಾಯಿಕ ನಡವಳಿಗಳಿಗೆ ಭಾರತದ ಉದ್ದಗಲಕ್ಕೂ ಪೂರ್ಣ ಮನ್ನಣೆ ಇರಬೇಕೆನ್ನುತ್ತದೆ. ಸಿವಿಲ್ ಕೋರ್ಟುಗಳ ಅಂತಿಮ ಆದೇಶಗಳನ್ನು ದೇಶದ ಯಾವ ಭಾಗದಲ್ಲಾದರೂ ಕಾನೂನಿನಂತೆ ಜಾರಿಗೊಳಿಸಬಹುದೆಂದೂ ಅದೇ ಅನುಚ್ಛೇದ ಹೇಳುತ್ತದೆ. ರಾಷ್ಟ್ರೀಯ ನ್ಯಾಸ ಕಾಯಿದೆ ಸಂಸತ್ತು ಮಾಡಿದ್ದು. ಅದರಡಿ ಒಂದು ಜಿಲ್ಲೆಯ ಸಮಿತಿ ನೀಡಿದ ಪಾಲಕತ್ವದ ಪ್ರಮಾಣಪತ್ರವನ್ನು ಪಕ್ಕದ ರಾಜ್ಯದ ಬ್ಯಾಂಕು "ಇದು ನಮ್ಮದಲ್ಲ" ಎಂದು ತಳ್ಳಿಹಾಕಲು ಆಧಾರವಿಲ್ಲ.

ಹಾಗಿದ್ದರೂ ತಕರಾರು ಬರುವುದುಂಟು. ಹೆಚ್ಚಿನ ತಕರಾರುಗಳ ಬೇರು ಇರುವುದು ಆದೇಶದ ಅಪೂರ್ಣತೆಯಲ್ಲಿ. "ಮಗನ ಆಸ್ತಿಯ ಪಾಲಕರು" ಎಂದಷ್ಟೇ ಬರೆದ ಆದೇಶವನ್ನು ನೋಡಿ ಆಚೆಗಿನ ಅಧಿಕಾರಿ ಅನುಮಾನಿಸುತ್ತಾನೆ. ಜಮೀನಿನ ದಸ್ತಾವೇಜು ನೋಂದಣಿಯಾಗುವುದು ಜಮೀನು ಇರುವ ರಾಜ್ಯದ ಉಪನೋಂದಣಿ ಕಚೇರಿಯಲ್ಲೇ. ಆದ್ದರಿಂದ ಅರ್ಜಿಯಲ್ಲೇ ಗಡಿಯಾಚೆಯ ಆಸ್ತಿಯನ್ನು ಸರ್ವೆ ನಂಬರು ಸಹಿತ, ಪಹಣಿಯ ಪ್ರತಿಯೊಂದಿಗೆ ತೋರಿಸಬೇಕು. ಠೇವಣಿಯ ಸಂಖ್ಯೆ, ಶಾಖೆಯ ಹೆಸರು ಬರೆಯಬೇಕು. ಅವೆಲ್ಲ ಆದೇಶದಲ್ಲಿ ಉಲ್ಲೇಖವಾಗುವಂತೆ ಕೇಳಿಕೊಳ್ಳಬೇಕು. ಮಾರಾಟ ಅಥವಾ ಅಡವಿನ ಅಗತ್ಯವಿದ್ದರೆ ಅದಕ್ಕೆ ಪ್ರತ್ಯೇಕವಾಗಿ ಸ್ಪಷ್ಟ ಅನುಮತಿ ಕೋರಬೇಕು.

ಮೇಲೆ ಹೇಳಿದ ತಾಯಿ ಕೊನೆಗೆ ಮಾಡಿದ್ದೂ ಇದನ್ನೇ. ಕಾಸರಗೋಡಿನಲ್ಲೇ ಅರ್ಜಿ ಹಾಕಿ, ಬಂಟ್ವಾಳದ ತೋಟವನ್ನೂ ಠೇವಣಿಯನ್ನೂ ಅದರಲ್ಲಿ ನಮೂದಿಸಿದರು. ಪ್ರಮಾಣಪತ್ರದ ದೃಢೀಕೃತ ಪ್ರತಿಯೊಂದಿಗೆ 261ನೆಯ ಅನುಚ್ಛೇದವನ್ನು ಉಲ್ಲೇಖಿಸಿದ ಪತ್ರವನ್ನು ನಾವು ಬರೆದುಕೊಟ್ಟೆವು. ಬ್ಯಾಂಕು ಮೇಲಿನ ಕಚೇರಿಯನ್ನು ಕೇಳಿ, ಮೂರು ವಾರಗಳ ಬಳಿಕ ಒಪ್ಪಿಕೊಂಡಿತು.

ಅಣ್ಣ ಇಲ್ಲಿ, ತಮ್ಮ ಅಲ್ಲಿ

ಕಷ್ಟದ ಪ್ರಕರಣ ಇನ್ನೊಂದಿದೆ. ಮರೆವಿನ ರೋಗದ ತಾಯಿಯನ್ನು ಒಬ್ಬ ಮಗ ಗಡಿಯಾಚೆಗೆ ಕರೆದೊಯ್ದು ಅಲ್ಲಿ ಅರ್ಜಿ ಹಾಕುತ್ತಾನೆ. ಇನ್ನೊಬ್ಬ ಈಚೆಗೆ ಹಾಕುತ್ತಾನೆ. ಎರಡು ರಾಜ್ಯಗಳಲ್ಲಿ ಎರಡು ಆದೇಶ ಬಂದರೆ ನರಳುವವರು ತಾಯಿ.

ಅಮೆರಿಕದಲ್ಲಿ ಇಂಥ ಜಗಳಗಳು ಹೆಚ್ಚಿದಾಗ 2007ರಲ್ಲಿ ಒಂದು ಮಾದರಿ ಕಾಯಿದೆಯನ್ನು ರೂಪಿಸಿದರು. ಅಲ್ಲಿಯ ಬಹುತೇಕ ರಾಜ್ಯಗಳು ಅದನ್ನು ಅಂಗೀಕರಿಸಿವೆ. ಅರ್ಜಿಗೆ ಹಿಂದಿನ ಆರು ತಿಂಗಳು ವ್ಯಕ್ತಿ ನಿರಂತರವಾಗಿ ಇದ್ದ ರಾಜ್ಯವೇ "ತವರು ರಾಜ್ಯ", ಅಲ್ಲಿಯ ಕೋರ್ಟಿಗೇ ಮೊದಲ ಹಕ್ಕು. ಅನ್ಯಾಯದ ನಡತೆಯಿಂದ ವ್ಯಾಪ್ತಿಯನ್ನು ಸೃಷ್ಟಿಸಿಕೊಂಡಿದ್ದರೆ ಕೋರ್ಟು ಪ್ರಕರಣವನ್ನು ನಿರಾಕರಿಸಬಹುದು. ಕುಟುಂಬ ಊರು ಬದಲಾಯಿಸಿದರೆ ಪಾಲಕತ್ವವನ್ನು ಹೊಸ ರಾಜ್ಯಕ್ಕೆ ವರ್ಗಾಯಿಸುವ ವಿಧಾನವೂ ಅದರಲ್ಲಿದೆ.

ನಮ್ಮಲ್ಲಿ ಅಂಥ ಕಾಯಿದೆ ಇಲ್ಲ. ಒಂದು ರಾಜ್ಯದ ಸಿವಿಲ್ ಕೋರ್ಟಿನಿಂದ ಇನ್ನೊಂದು ರಾಜ್ಯದ ಕೋರ್ಟಿಗೆ ಪ್ರಕರಣವನ್ನು ವರ್ಗಾಯಿಸಬಲ್ಲದ್ದು ಸಿವಿಲ್ ಪ್ರಕ್ರಿಯಾ ಸಂಹಿತೆಯ 25ನೆಯ ಕಲಮಿನಡಿ ಸುಪ್ರೀಂ ಕೋರ್ಟು. ಅಡಿಕೆ ತೋಟದ ಕುಟುಂಬವೊಂದು ದೆಹಲಿಯವರೆಗೆ ಹೋಗುವುದೆಂದರೆ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದ ಒಡಹುಟ್ಟಿದವರೆಲ್ಲ ಮೊದಲೇ ಕುಳಿತು ಮಾತನಾಡಿ, ಒಪ್ಪಿಗೆಯ ಹೇಳಿಕೆಗಳೊಂದಿಗೆ ಒಂದೇ ಕಡೆ ಅರ್ಜಿ ಹಾಕುವುದೇ ಸುರಕ್ಷಿತ. ಬೇರೆಡೆ ಅರ್ಜಿ ಹಾಕಿರುವುದನ್ನು ಎಂದೂ ಮರೆಮಾಚಬಾರದು. ಕುಟುಂಬವೇ ಗಡಿ ದಾಟಿ ನೆಲೆಸಿದರೆ ಹಳೆಯ ಸಮಿತಿಗೂ ಹೊಸ ಜಿಲ್ಲೆಯ ಸಮಿತಿಗೂ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆದುಕೊಳ್ಳಬೇಕು.

ಭಾಷೆ ಮತ್ತು ಖರ್ಚು

ಅರ್ಜಿ ಕನ್ನಡದಲ್ಲಿರಬಹುದೇ ಎಂದು ಹಲವರು ಕೇಳುತ್ತಾರೆ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗಳಿಗೆ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ಅನುಚ್ಛೇದ ನೀಡಿದೆ. ಜಿಲ್ಲಾಧಿಕಾರಿಗೆ ಬರೆಯುವ ಮನವಿಯನ್ನು ನಾವು ಧೈರ್ಯದಿಂದ ಕನ್ನಡದಲ್ಲೇ ಬರೆಯಬಹುದು. ಹೈಕೋರ್ಟಿನ ನಡವಳಿ ಮಾತ್ರ 348ನೆಯ ಅನುಚ್ಛೇದದಂತೆ ಇಂಗ್ಲಿಷಿನಲ್ಲಿ; ಕನ್ನಡದ ವೀಲುನಾಮೆ, ಪಹಣಿಗಳ ಅನುವಾದವನ್ನು ಮೊದಲೇ ಸಿದ್ಧಪಡಿಸಿಕೊಳ್ಳಬೇಕು.

ಖರ್ಚಿಗೆ ಅಂಜಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ 12ನೆಯ ಕಲಮಿನಂತೆ ಮಹಿಳೆಯರು, ಅಂಗವಿಕಲರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯವನ್ನು ಲೆಕ್ಕಿಸದೆ ಉಚಿತ ಕಾನೂನು ನೆರವಿಗೆ ಅರ್ಹರು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಬೇಕು.

ಹೆತ್ತವರು ಈಗಲೇ ಮಾಡಬೇಕಾದುದು

ಮಗುವಿಗೆ ಹದಿನೇಳು ತುಂಬಿದಾಗಲೇ ತಯಾರಿ ಆರಂಭಿಸಬೇಕು. ಯು.ಡಿ.ಐ.ಡಿ. ಕಾರ್ಡನ್ನು ಪಡೆದಿರಬೇಕು. ಆಧಾರ್, ರೇಶನ್ ಕಾರ್ಡು, ಶಾಲಾ ದಾಖಲೆಗಳಲ್ಲಿ ಹೆಸರೂ ವಿಳಾಸವೂ ಒಂದೇ ಆಗಿರಬೇಕು; ಮಲಯಾಳದಲ್ಲಿ ಒಂದು ಬಗೆ, ಕನ್ನಡದಲ್ಲಿ ಇನ್ನೊಂದು ಬಗೆ ಬರೆದ ಹೆಸರೇ ಎಷ್ಟೋ ಅರ್ಜಿಗಳನ್ನು ತಡೆದಿದೆ. ಎರಡೂ ಕಡೆಯ ಆಸ್ತಿಯ ಪಟ್ಟಿ ಮಾಡಿಡಬೇಕು. ತಮ್ಮ ಕಾಲದ ಬಳಿಕ ಯಾರು ಪಾಲಕರಾಗಬೇಕೆಂಬುದನ್ನೂ ಯೋಚಿಸಬೇಕು.

ಪಾಲಕರಾದ ಮೇಲೆ ಹೊಣೆಯೂ ಇದೆ. ರಾಷ್ಟ್ರೀಯ ನ್ಯಾಸ ಕಾಯಿದೆಯಡಿ ನೇಮಕವಾದ ಆರು ತಿಂಗಳೊಳಗೆ ಆಸ್ತಿಯ ಪಟ್ಟಿಯನ್ನೂ, ಪ್ರತಿ ಹಣಕಾಸು ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕವನ್ನೂ ಸಲ್ಲಿಸಬೇಕು. ತಪ್ಪಿದರೆ, ಆಸ್ತಿಯನ್ನು ದುರುಪಯೋಗಿಸಿದರೆ ಪಾಲಕರನ್ನು ತೆಗೆದುಹಾಕಲು ಅವಕಾಶವಿದೆ.

ಎಲ್ಲದಕ್ಕೂ ಪಾಲಕತ್ವವೇ ಬೇಕೆಂದಿಲ್ಲ ಎಂಬುದನ್ನೂ ಮರೆಯಬಾರದು. ಬುದ್ಧಿ ಸ್ಪಷ್ಟವಾಗಿದ್ದು ಕೈ ಮಾತ್ರ ನಡೆಯದ ಹಿರಿಯರು ಇಬ್ಬರು ಸಾಕ್ಷಿಗಳ ಮುಂದೆ ಹೆಬ್ಬೆಟ್ಟು ಒತ್ತಿ ಹಣ ತೆಗೆಯಲು ರಿಸರ್ವ್ ಬ್ಯಾಂಕಿನ ಸೂಚನೆಗಳು ಅವಕಾಶ ಕೊಟ್ಟಿವೆ. ಸಾಕ್ಷಿಗಳಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. ಸ್ವಲ್ಪ ನೆರವಿನಿಂದ ತನ್ನ ನಿರ್ಧಾರವನ್ನು ತಾನೇ ಮಾಡಬಲ್ಲ ಯುವತಿಗೆ ಪಾಲಕರನ್ನು ಹೇರುವುದು ಅವಳ ಹಕ್ಕನ್ನು ಕಿತ್ತುಕೊಂಡಂತೆ.

2020ರಲ್ಲಿ ತಲಪಾಡಿಯ ಗಡಿ ಮುಚ್ಚಿದ ದಿನಗಳಲ್ಲಿ, ನಮ್ಮ ಬದುಕಿನ ಎಷ್ಟು ಭಾಗ ಆಚೆಗಿದೆ ಎಂಬುದನ್ನು ನಾವೆಲ್ಲ ಕಂಡೆವು. 1956ರಲ್ಲಿ ಎಳೆದ ಗೆರೆಯನ್ನು ನಮ್ಮ ಕುಟುಂಬಗಳು ಮದುವೆಯಿಂದ, ತೋಟದಿಂದ, ಔಷಧದಿಂದ ದಿನವೂ ದಾಟುತ್ತಲೇ ಇವೆ. ಕಚೇರಿಗಳು ಆ ತಾಯಿಯನ್ನು ಅತ್ತಿಂದಿತ್ತ ಅಟ್ಟಿದ್ದು ಕಾನೂನಿನಲ್ಲಿ ದಾರಿ ಇಲ್ಲದುದರಿಂದಲ್ಲ, ದಾರಿಯನ್ನು ಯಾರೂ ತೋರಿಸದುದರಿಂದ. ಇಂಥ ಮನೆ ನಿಮ್ಮ ನೆರೆಯಲ್ಲಿದ್ದರೆ ಅವರಿಗೆ ಇಷ್ಟು ಹೇಳಿ: ಅರ್ಜಿ ಮಗ ಇರುವ ಜಿಲ್ಲೆಯಲ್ಲಿ, ಆಸ್ತಿಯ ವಿವರ ಅರ್ಜಿಯೊಳಗೆ, ಆದೇಶದ ಪ್ರತಿ ಗಡಿಯಾಚೆಗೆ. ಬರೆಯಲು ಕೈ ಬೇಕಾದರೆ ಹತ್ತಿರದ ಕನ್ನಡ ಶಾಲೆಯ ಅಧ್ಯಾಪಕರನ್ನು ಕೇಳಿ, ನಾವು ಇಲ್ಲವೆನ್ನಲಾರೆವು.